ಇಳಕಲ್ಲಿನಲ್ಲಿ ಐದನೆಯ ಆಜ್ಞೆ ಕಲಿಸಿದ ವರ್ಷ

ನಮ್ಮ ಕ್ರೈಸ್ತ ಸಭೆಗಳ ಹಿರಿಯರಿಗೆ ಬೈಬಲಿನ ಹತ್ತು ಆಜ್ಞೆಗಳಲ್ಲಿ ಐದನೆಯದರ ಮೇಲೆ ಇರುವಷ್ಟು ಪ್ರೀತಿ ಉಳಿದ ಒಂಬತ್ತರ ಮೇಲೆ ಇಲ್ಲ. ಸುಳ್ಳು ಹೇಳಬಾರದು ಎಂಬ ಪಾಠವನ್ನು ಮೂರು ತಿಂಗಳು ಕಲಿಸಿರಿ ಎಂದು ಯಾವ ಕಮಿಟಿಯೂ ನನಗೆ ಇದುವರೆಗೆ ಹೇಳಿಲ್ಲ. ಪರರ ವಸ್ತುವಿಗೆ ಆಸೆಪಡಬಾರದು ಎಂಬುದನ್ನಂತೂ ಕೇಳಲೇ ಬೇಡಿ. ಆದರೆ ಐದನೆಯದು, ತಂದೆತಾಯಿಯನ್ನು ಗೌರವಿಸುವ ಪಾಠ ಅಂದರೆ ಸಾಕು, ಎಲ್ಲರೂ ಕುರ್ಚಿಯಲ್ಲಿ ನೆಟ್ಟಗೆ ಕೂಡುತ್ತಾರೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕು ಊರುಗಳ ಸಣ್ಣ ಸಣ್ಣ ಸಭೆಗಳಲ್ಲಿ ಸಂಡೇ ಸ್ಕೂಲ್ ನಡೆಸುವುದು ನನ್ನ ಕೆಲಸ. ಆ ವರ್ಷ ಆಗಸ್ಟ್‌ನಿಂದ ನವೆಂಬರ್‌ವರೆಗೆ ಇಳಕಲ್ಲಿಗೇ ಹೆಚ್ಚು ಸಮಯ ಕೊಡಬೇಕೆಂದು ಅಲ್ಲಿನ ಸಭೆಯವರು ಕೇಳಿಕೊಂಡರು. ಕಮಿಟಿಯ ಕಾರ್ಯದರ್ಶಿ ನಿವೃತ್ತ ನೌಕರರು, ಎಲ್ಲದಕ್ಕೂ ಮುಂದೆ ನಿಲ್ಲುವ ಮನುಷ್ಯ. ಅವರೇ ವಿಷಯ ತೆಗೆದರು.

"ಟೀಚರ, ಮಕ್ಕಳು ಕೈ ಮೀರಿ ಹೊಂಟಾವ್ರಿ. ಮೊಬೈಲ್ ಕಸಗೊಂಡ್ರ ನಮ್ಮನ್ನ ಗುರಾಯಿಸಿ ನೋಡ್ತಾವು. ಈ ಸಲ ಪೂರಾ ಐದನೇ ಆಜ್ಞಾನ ತಗೋರಿ. ವಾರ್ಷಿಕೋತ್ಸವದಾಗ ಮಂದಿ ನೋಡಿ ಹೌದೌದು ಅನ್ಬೇಕು."

ಅವರಿಗೆ ಬೇಕಾಗಿದ್ದದ್ದು ಮಕ್ಕಳಿಗೆ ಮೂಗುದಾರ. ನನಗೆ ಅದು ಗೊತ್ತಿತ್ತು. ಆದರೂ ಒಪ್ಪಿಕೊಂಡೆ, ಏಕೆಂದರೆ ಆ ಪಾಠ ನನಗೆ ನಿಜವಾಗಿ ಇಷ್ಟ. ಸರಿಯಾಗಿ ಕಲಿಸಿದರೆ ಅದರಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಇಳಕಲ್ಲಿನ ನಮ್ಮ ಸಭೆ ಸೇರುವುದು ತಗಡಿನ ಚಾವಣಿಯ ಒಂದು ಹಾಲ್‌ನಲ್ಲಿ. ಸ್ವಲ್ಪ ದೂರದಲ್ಲಿ ಗ್ರ್ಯಾನೈಟ್ ಕಾರ್ಖಾನೆಗಳಿವೆ. ಭಾನುವಾರವೂ ಯಾವುದೋ ಒಂದು ಮಶೀನು ಕಲ್ಲು ಕೊಯ್ಯುತ್ತಲೇ ಇರುತ್ತದೆ, ಹಾಗಾಗಿ ಅಲ್ಲಿ ಎಲ್ಲರೂ ಸ್ವಲ್ಪ ಜೋರಾಗಿಯೇ ಪ್ರಾರ್ಥನೆ ಮಾಡುತ್ತಾರೆ. ಹಾಲ್‌ನ ಹಿಂದಿನ ಪಡಸಾಲೆ ನಮ್ಮ ತರಗತಿ.

ನನ್ನ ಬಳಿ ಒಂದು ಹಳೆಯ ಬೋರ್ಡ್ ಇದೆ. ಮೇಲೆ ಒರಟು ಬಟ್ಟೆ ಹೊದಿಸಿದ ಹಲಗೆ. ಚಿತ್ರಗಳ ಬೆನ್ನಿಗೆ ಪಾಲಿಶ್ ಪೇಪರ್ ಅಂಟಿಸಿರುತ್ತೇನೆ, ಒತ್ತಿದರೆ ಹತ್ತಿಕೊಳ್ಳುತ್ತವೆ. ಮಕ್ಕಳು ಎಷ್ಟೇ ಮೊಬೈಲ್ ನೋಡಲಿ, ಚಿತ್ರ ತಾನಾಗಿ ಹಲಗೆಗೆ ಅಂಟುವುದನ್ನು ನೋಡಲು ಕತ್ತು ಚಾಚುತ್ತವೆ. ಹನ್ನೆರಡು ವರ್ಷದ ಬಾಲಯೇಸು ದೇವಾಲಯದ ಪಂಡಿತರ ನಡುವೆ ಕೂತು ಮಾತಾಡಿ, ಹುಡುಕಿಕೊಂಡು ಬಂದ ತಂದೆತಾಯಿಯ ಜೊತೆ ಊರಿಗೆ ಮರಳಿ ಅವರಿಗೆ ಅಧೀನನಾಗಿದ್ದ ಕಥೆಯನ್ನು ಮೊದಲು ಹೇಳಿದೆ. ಆಮೇಲೆ ಶಿಲುಬೆಯ ಮೇಲೆ ಸಾಯುವ ಹೊತ್ತಿನಲ್ಲೂ ತಾಯಿಯನ್ನು ನೋಡಿಕೊಳ್ಳಲು ಶಿಷ್ಯನಿಗೆ ಒಪ್ಪಿಸಿದ್ದನ್ನು ಹೇಳಿದೆ.

ಮನೆಗೆಲಸವನ್ನು ನನ್ನದೇ ರೀತಿಯಲ್ಲಿ ಕೊಟ್ಟೆ. ಮೊದಲ ಎರಡು ವಾರ ಯಾರೂ ಅಪ್ಪನ ಕಾಲು ಒತ್ತಬಾರದು, ಯಾರೂ ಅವ್ವನ ಪಾತ್ರೆ ತೊಳೆಯಬಾರದು. ಬರೀ ನೋಡಿಕೊಂಡು ಬರಬೇಕು. ಅಪ್ಪ ಮನೆಗೆ ಬಂದ ಕೂಡಲೇ ಮೊದಲು ಏನು ಮಾಡುತ್ತಾನೆ, ಅವ್ವ ಯಾವ ಕೆಲಸ ಮಾಡುವಾಗ ನಿಟ್ಟುಸಿರು ಬಿಡುತ್ತಾಳೆ, ಇದನ್ನು ನೋಡಿ ಬಂದು ಹೇಳಬೇಕು. ನೋಡದೆ ಮಾಡುವ ಗೌರವ ಶಾಲೆಯ ಕವಾಯತು ಇದ್ದಹಾಗೆ. ಸೀಟಿ ನಿಂತರೆ ಅದೂ ನಿಲ್ಲುತ್ತದೆ.

ಒಬ್ಬ ತಡೆಯಲಾರದೆ ಅಪ್ಪನ ಕಾಲು ಒತ್ತಿಯೇ ಬಿಟ್ಟಿದ್ದ. "ಎಷ್ಟ್ ಸಬ್ಜೆಕ್ಟ್ ಫೇಲ್ ಆಗೀದಿ ಲೇ ಅಂತ ಅಪ್ಪ ಕೇಳಿದ್ನ್ರಿ ಟೀಚರ್" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆ ತರಗತಿಯಲ್ಲಿ ಆರನೆಯ ಇಯತ್ತೆಯ ಒಬ್ಬ ಹುಡುಗಿ ಇದ್ದಳು. ಆಕೆಯ ಸರದಿ ಬಂದಾಗ ಎದ್ದು ನಿಂತು, "ನಮ್ಮ ಆಯಿ ರೊಟ್ಟಿ ಅಂಚು ಮುರದು ನನಗ ಕೊಡ್ತಾಳ್ರಿ, ನನಗ ಅಂಚು ಸೇರ್ತಾವಂತ" ಎಂದಳು. ಆಯಿ ಅಂದರೆ ಆಕೆಯ ಅಪ್ಪನ ತಾಯಿ. "ಆದ್ರ ಆಕಿಗೆ ಹಲ್ಲಿಲ್ಲ, ಕಡ್ಯಾಕ ಆಗಂಗಿಲ್ಲ, ಅದಕ್ಕ ಕೊಡ್ತಾಳ ಅಂತ ಈ ವಾರ ಗೊತ್ತಾತ್ರಿ. ನಾ ನನ್ನ ರೊಟ್ಟಿ ನಡುವಿನ ಮೆತ್ತನ್ನದು ತಗದು ಆಕಿ ತಾಟಿಗೆ ಹಾಕಿದೆ."

ಇಷ್ಟು ವರ್ಷ ಕಲಿಸಿದ್ದಕ್ಕೆ ಆ ಒಂದು ಉತ್ತರ ಸಾಕು ಅನ್ನಿಸಿತ್ತು ನನಗೆ. ಅಷ್ಟು ಖುಷಿಯಾಗಿತ್ತು.

ಆ ಮನೆಯ ಸಂಗತಿ ಸಭೆಗೆಲ್ಲ ಗೊತ್ತಿದ್ದದ್ದೇ. ಹುಡುಗಿಯ ಅವ್ವ ಗದಗಿನ ಕ್ರೈಸ್ತ ಮನೆತನದವಳು, ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಪ್ಪ ಹಿಂದೂ, ಗ್ರ್ಯಾನೈಟ್ ಪಾಲಿಶ್ ಮಾಡುವ ಕೆಲಸದವನು. ಇಬ್ಬರೂ ಮೆಚ್ಚಿ ಮದುವೆಯಾದವರು. ಎರಡೂ ಕಡೆಯವರು ಮುನಿಸಿಕೊಂಡು ಕೂತಿದ್ದಾಗ, ಕೂಸು ಹುಟ್ಟಿದ ಸುದ್ದಿ ಕೇಳಿ ಗಂಟು ಕಟ್ಟಿಕೊಂಡು ಬಂದವಳು ಈ ಅಜ್ಜಿ ಒಬ್ಬಳೇ. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋದರೆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಹುಡುಗಿಗೆ ದೀಕ್ಷಾಸ್ನಾನ ಮಾಡಿಸಿ ಕ್ರೈಸ್ತಳಾಗಿ ಮಾಡಿದಾಗಲೂ ಅಜ್ಜಿ ಒಂದು ಮಾತು ಆಡಿರಲಿಲ್ಲವಂತೆ. ಅಪ್ಪ ಪ್ರತಿ ಭಾನುವಾರ ಮಗಳನ್ನು ಗಾಡಿಯ ಮೇಲೆ ತಂದು ಬಿಟ್ಟು, ಪಾಠ ಮುಗಿಯುವವರೆಗೆ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದ.

ಇಷ್ಟಾದರೂ ನಮ್ಮವರು ಆ ಹುಡುಗಿಯನ್ನು ಅರ್ಧಂಬರ್ಧವೇ ನಮ್ಮವಳು ಎಂದು ನೋಡುತ್ತಿದ್ದರು. ಬಾಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಆದರೆ ಹಾಡಿನ ಗುಂಪಿನಲ್ಲಿ ಆಕೆ ಯಾವಾಗಲೂ ಹಿಂದಿನ ಸಾಲು, ಕ್ರಿಸ್ಮಸ್ ನಾಟಕದಲ್ಲಿ ಯಾವಾಗಲೂ ಕುರಿ. ದೇವದೂತರ ಬಿಳಿ ಅಂಗಿ ಹಿರಿಯರ ಮೊಮ್ಮಕ್ಕಳಿಗೆ ಮೀಸಲು. ಇದನ್ನು ಕಮಿಟಿಯಲ್ಲಿ ಹೇಳಿ ಬೈಸಿಕೊಂಡವಳು ನಾನು.

ಸಭಾಪಾಲಕರು, ಎಂದರೆ ನಮ್ಮ ಪಾದ್ರಿಗಳು, ಮಕ್ಕಳ ಬಾಯಲ್ಲಿ ಅಯ್ಯನವರು, ಆ ವರ್ಷವಷ್ಟೇ ಮೈಸೂರು ಕಡೆಯಿಂದ ಬಂದಿದ್ದರು. ಚಿಕ್ಕ ವಯಸ್ಸು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ, ಆದರೆ ಇದ್ದದ್ದನ್ನು ಹೇಳಬೇಕು. ಬಿಸಿಲು ಮಳೆ ನೋಡದೆ ರೋಗಿಗಳ ಮನೆಗೆ ಹೋಗುತ್ತಿದ್ದರು, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಕೂಡುತ್ತಿದ್ದರು. ಪುಸ್ತಕದಂಥ ಕನ್ನಡ ಮಾತಾಡುತ್ತಿದ್ದರು. ನಮ್ಮ ಮಕ್ಕಳಿಗೆ ಆ ಭಾಷೆ ಕೇಳಿದರೆ ದೇವರೇ ಮಾತಾಡಿದಂತೆ ಭಯಭಕ್ತಿ.

ಸೆಪ್ಟೆಂಬರ್ ಕೊನೆಯ ಒಂದು ಭಾನುವಾರ ಅವರು ತರಗತಿಗೆ ಬಂದರು. ನಾನು ಆಗಷ್ಟೇ ಇನ್ನೊಂದು ಪಾಠ ಮುಗಿಸಿದ್ದೆ. ತನ್ನ ಹತ್ತಿರ ಇದ್ದದ್ದನ್ನೆಲ್ಲ ದೇವರಿಗೆ ಮೀಸಲಿಟ್ಟಿದ್ದೇನೆ ಎಂದು ನೆಪ ಹೇಳಿ ವಯಸ್ಸಾದ ತಂದೆತಾಯಿಗೆ ಏನೂ ಕೊಡದೆ ಜಾರಿಕೊಳ್ಳುವ ಮಗನ ಪಾಠ ಅದು. ಅಂಥವರನ್ನು ಯೇಸುಸ್ವಾಮಿ ಕಪಟಿಗಳು ಎಂದು ಬೈದಿದ್ದನ್ನು ಹೇಳಿ, ಮಕ್ಕಳ ಕೈಲಿ ಆ ಮಗನಿಗೆ ಛೀಮಾರಿ ಹಾಕಿಸಿದ್ದೆ. ಸಭಾಪಾಲಕರು ಮೆಚ್ಚಿ ತಲೆದೂಗಿ, ಯಾರಿಗಾದರೂ ಪ್ರಶ್ನೆ ಇದೆಯೇ ಎಂದರು.

ಹುಡುಗಿ ಎದ್ದು ನಿಂತಳು. "ಅಯ್ಯನವರ, ಬನ್ನಿ ಹಬ್ಬಕ್ಕ ನಮ್ಮ ಆಯಿ ಕೈಯಾಗ ಬನ್ನಿ ಕೊಡ್ತಾಳ್ರಿ. ತಗೋಬಹುದ್ರ್ಯಾ?"

ಅವರು ನನ್ನ ಕಡೆ ತಿರುಗಿ, "ಬನ್ನಿ ಕೈಗೆ ಕೊಡುವುದು ಎಂದರೇನು ಸಿಸ್ಟರ್?" ಎಂದರು. ದಸರೆಯ ದಿನ ಸಂಜೆ ನಮ್ಮ ಕಡೆ ಬನ್ನಿ ಗಿಡದ ಎಲೆ ತಂದು ಮನೆಮನೆಗೆ ಹೋಗಿ ಕೈಗೆ ಕೊಡುತ್ತಾರೆ, ಬನ್ನಿ ತಗೊಂಡು ಬಂಗಾರದಂಗ ಇರೋಣ ಎನ್ನುತ್ತಾರೆ, ಚಿಕ್ಕವರು ದೊಡ್ಡವರಿಗೆ ನಮಸ್ಕಾರ ಮಾಡುತ್ತಾರೆ, ಹಳೆಯ ಜಗಳ ಬಿಟ್ಟು ಮಾತಾಡುತ್ತಾರೆ ಎಂದು ಹೇಳತೊಡಗಿದೆ.

"ಪೂಜೆ ಮಾಡಿದ ಮರದ ಎಲೆಯೇ?"

"ಗಿಡಕ್ಕ ಪೂಜಾ ಮಾಡ್ತಾರ ಖರೆ, ಆದ್ರ ಕೈಗೆ ಕೊಡೋದು…"

ಪೂರ್ತಿ ಹೇಳಲು ಅವರು ಬಿಡಲಿಲ್ಲ. ಹುಡುಗಿಯ ಎದುರು ಬಾಗಿ ನಿಂತು ಬಹಳ ಪ್ರೀತಿಯಿಂದಲೇ ಹೇಳಿದರು. "ನೋಡು ಮಗಳೇ, ಬೇರೆ ದೇವರಿಗೆ ಅರ್ಪಿಸಿದ್ದನ್ನು ನಾವು ಮುಟ್ಟುವುದಿಲ್ಲ. ಅದು ಪಾಪ. ಎಲ್ಲರಿಗಿಂತ ಹೆಚ್ಚಾಗಿ ದೇವರನ್ನು ಪ್ರೀತಿಸಬೇಕು. ಧೈರ್ಯವಾಗಿ ಬೇಡ ಎನ್ನಬೇಕು. ಆಯಿತಾ?"

"ಆತ್ರಿ" ಎಂದಳು ಹುಡುಗಿ.

ಮಕ್ಕಳು ಹೋದ ಮೇಲೆ ನಾನು ಅವರನ್ನು ತಡೆದು ನಿಲ್ಲಿಸಿದೆ. ಅದು ಆ ಮನೆಯೊಳಗಿನ ಮಾತು, ಮೊದಲು ಆಕೆಯ ಅವ್ವನನ್ನು ಕರೆದು ಕೇಳಬೇಕಿತ್ತು, ಹನ್ನೊಂದು ವರ್ಷದ ಹುಡುಗಿಯ ತಲೆಯ ಮೇಲೆ ಇಂಥದ್ದನ್ನು ಹೊರಿಸಬಾರದಿತ್ತು ಎಂದೆ. ನನ್ನ ಧ್ವನಿ ಏರಿತ್ತು. ಅವರದು ಏರಲಿಲ್ಲ.

"ಸತ್ಯ ಒಂದೊಂದು ಮನೆಗೆ ಒಂದೊಂದು ಇರುತ್ತದೆಯೇ ಸಿಸ್ಟರ್?"

ಸತ್ಯ ಒಂದೇ ಇರಬಹುದು, ಅದನ್ನು ಹೊತ್ತುಕೊಂಡು ಮನೆಗೆ ಹೋಗುವವಳು ಒಂದು ಕೂಸು ಎಂದೆ. ಅವರು ನಕ್ಕು ಬಾಗಿಲು ಹಾಕಲು ಹೋದರು. ಮುಂದಿನ ಸಲ ಬಂದಾಗ ಹುಡುಗಿಯ ಅವ್ವನ ಜೊತೆ ಕೂತು ಮಾತಾಡಬೇಕು ಎಂದು ನಿಶ್ಚಯಿಸಿಕೊಂಡೆ. ಆದರೆ ನಡುವೆ ಬಾದಾಮಿಯಲ್ಲಿ ಮಕ್ಕಳ ಶಿಬಿರ ಇತ್ತು. ಬನ್ನಿ ಹಬ್ಬ ನನಗಿಂತ ಮೊದಲು ಇಳಕಲ್ಲಿಗೆ ಹೋಯಿತು.

ನಡೆದದ್ದನ್ನು ಹುಡುಗಿಯ ಅವ್ವ ಫೋನಿನಲ್ಲಿ ಅಳುತ್ತ ಹೇಳಿದಳು. ಹಬ್ಬದ ಸಂಜೆ ಮನೆ ತುಂಬ ಮಂದಿ. ಕಮತಗಿಯಿಂದ ಗಂಡನ ಅಕ್ಕ, ಆಕೆಯ ಮನೆಯವರು ಬಂದಿದ್ದರು. ಎದುರು ಮನೆಯ ಮುಸ್ಲಿಂ ಹಿರಿಯರು ಪ್ರತಿ ವರ್ಷದಂತೆ ಬಂದು ಅಜ್ಜಿಯ ಕೈಯಿಂದ ಬನ್ನಿ ತೆಗೆದುಕೊಂಡು, ಚಹಾ ಕುಡಿಯುತ್ತ ಕೂತಿದ್ದರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಎಲೆ ತೆಗೆದು ಮೊಮ್ಮಗಳ ಕಡೆ ಕೈ ಚಾಚಿದಳು. ಹುಡುಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡ ಆಯಿ. ಮುಟ್ಟಿದ್ರ ಪಾಪ ಆಗ್ತೈತಿ."

ಅಜ್ಜಿಯ ಕೈ ಹಾಗೇ ಇತ್ತಂತೆ. ಆಮೇಲೆ ಸೋದರತ್ತೆ ಬಾಯಿ ತೆರೆದಳು. ಮಗಳಿಗೆ ಇದನ್ನು ಹೇಳಿಕೊಟ್ಟವಳು ಅವ್ವನೇ ಎಂದು ಎಲ್ಲರ ಎದುರು ಹಂಗಿಸಿದಳು. ಮರುದಿನ ಮುಂಜಾನೆ, "ನೀ ಕೈ ಮುಂದ ಮಾಡಿದ್ರ ಪಾಪ ಅನ್ನೋ ಮನ್ಯಾಗ ಯಾಕ ಇರ್ತಿ, ನಡಿ ಯವ್ವಾ" ಎಂದು ತಾಯಿಯನ್ನು ಕಮತಗಿಗೆ ಕರೆದುಕೊಂಡು ಹೋದಳು. ಹುಡುಗಿಯ ಅಪ್ಪ ಎರಡು ದಿನ ಊಟ ಬಿಟ್ಟ, ಅಷ್ಟೇ.

ನಾನು ಶಿಬಿರ ಮುಗಿಸಿ ಇಳಕಲ್ಲಿಗೆ ಬಂದಾಗ ಹುಡುಗಿ ಕೇಳಿದಳು. "ಟೀಚರ್, ಆಜ್ಞಾ ಪಾಲಿಸಿದ್ರ ಒಳ್ಳೇದಾಗ್ತೈತಿ ಅಂದಿದ್ರಿ. ನಾ ಪಾಲಿಸಿದೆ. ಮತ್ತ ಆಯಿ ಯಾಕ ಹೋದ್ಲು?"

ಬೋರ್ಡಿನ ಮೇಲೆ ಅಂಟಿಸಲು ಅದಕ್ಕೆ ಚಿತ್ರ ಇರಲಿಲ್ಲ.

ಅದೇ ವಾರ ಹುಡುಗಿಯ ಅವ್ವನನ್ನು ಕರೆದುಕೊಂಡು ಬಾಗಲಕೋಟೆ ಬಸ್ ಹತ್ತಿ ಕಮತಗಿಯಲ್ಲಿ ಇಳಿದೆ. ಸೋದರತ್ತೆ ನಮ್ಮನ್ನು ನೋಡಿ ಒಳಗೆ ಹೋದವಳು ಹೊರಗೆ ಬರಲಿಲ್ಲ. ಅಜ್ಜಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಬರ್ರಿ ಟೀಚರ, ಕುಂದರ್ರಿ. ಚಾ ಕುಡೀತೀರಿಲ್ಲೋ? ನಮ್ಮ ಮನಿ ಚಾ ಕುಡದ್ರ ನಿಮಗ ಪಾಪ ಬರಾಂಗಿಲ್ಲಲ್ಲ?"

"ಎರಡ ಕಪ್ ಕೊಟ್ರೂ ಕುಡೀತೇನಿ ಯವ್ವಾ" ಎಂದೆ.

ಸೊಸೆ ಪಕ್ಕದಲ್ಲಿ ಕೂತು ತಾನೂ ಕಾಯಿ ಸುಲಿಯತೊಡಗಿದಳು. ಆಮೇಲೆ ಅಜ್ಜಿ ನನ್ನ ಕಡೆ ನೋಡದೆಯೇ ಮಾತಾಡಿದಳು.

"ಆಕಿ ನನ್ನ ಕಾಲಿಗೆ ಬೀಳಲಿಲ್ಲಂತ ನಾ ಬಂದಿಲ್ರಿ. ಆಕಿ ಎಂದೂ ಬಿದ್ದಿಲ್ಲ, ನಾನ ಬ್ಯಾಡ ಅಂದೇನಿ. ನಿಮ್ಮವ್ವನ ಮಂದಿ ದೇವ್ರಿಗಷ್ಟ ಬೀಳ್ತಾರ, ನೀ ನನಗ ಕೈ ಮುಗದ್ರ ಸಾಕು ಅಂತ ಸಣ್ಣಾಕಿ ಇದ್ದಾಗನ ಹೇಳೇನಿ. ಬನ್ನಿ ಆದ್ರೂ ಪೂಜಾದ್ದು ಆಕಿಗೆ ಕೊಡಂಗಿಲ್ಲ. ಕಾರ್ಖಾನಿ ಹಿಂದ ಬಯಲಾಗ ಒಂದು ಬನ್ನಿ ಗಿಡ ಐತಿ, ಅದಕ್ಕ ಯಾರೂ ಪೂಜಾ ಮಾಡಂಗಿಲ್ಲ. ಮುಂಜಾನೆನ ಹೋಗಿ ಅದರದ್ದು ಹರಕೊಂಡು ಬಂದು, ಸೆರಗಿನಾಗ ಬ್ಯಾರೆನ ಕಟ್ಟಿ ಇಡ್ತೇನಿ, ಕೂಸಿಗೆ ಅಂತ. ಪ್ರತಿ ವರ್ಷ."

ಸೊಸೆಯ ಕೈ ನಿಂತಿತು. "ಅತ್ತಿ, ನನಗೂ ಹೇಳಿಲ್ಲಲ್ಲ" ಎಂದಳು.

"ಹೇಳಾಕ ಅದೇನ್ ದೊಡ್ಡ ಮಾತಾ? ನಿನ್ನ ದೇವ್ರಿಗೂ ಬ್ಯಾಸರ ಆಗಬಾರ್ದು, ನನಗೂ ಕೂಸಿನ ಕೈಗೆ ಎಲಿ ಕೊಟ್ಟಂಗ ಆಗಬೇಕು. ಅಷ್ಟ." ಅಜ್ಜಿ ಈಗ ನನ್ನ ಮುಖ ನೋಡಿದಳು. "ಪಾಪ ಅಂದ್ಲು ಟೀಚರ. ನನ್ನ ಕೈ ನೋಡಿ ಪಾಪ ಅಂದ್ಲು."

ನಾವು ನೂರು ಪಾಠ ಮಾಡಿ ಕಲಿಸಲಾಗದ ಸೂಕ್ಷ್ಮವನ್ನು ಈ ಮುದುಕಿ ಯಾರಿಗೂ ಹೇಳದೆ, ಯಾರ ಅಪ್ಪಣೆಯನ್ನೂ ಕೇಳದೆ ಪಾಲಿಸಿಕೊಂಡು ಬಂದಿದ್ದಳು. ಅದನ್ನು ನಮ್ಮ ತರಗತಿಯಲ್ಲಿ ಒಂದು ನಿಮಿಷದಲ್ಲಿ ಮುರಿದು ಹಾಕಿದ್ದೆವು. ಹೊರಡುವಾಗ ಆಕೆ ತಾನಾಗಿಯೇ ಹೇಳಿದಳು, "ಕೂಸು ಬಂದು ಕರದ್ರ ನಾ ಬರ್ತೇನಿ. ತಪ್ಪಾತು ಅನ್ನೋದೇನ ಬ್ಯಾಡ. ಆಯಿ ಬಾ ಅಂದ್ರ ಸಾಕು."

ಬಸ್ಸಿನಲ್ಲಿ ನಾವಿಬ್ಬರೂ ಹಗುರಾಗಿ ನಕ್ಕು ಮಾತಾಡಿಕೊಂಡು ಬಂದೆವು. ಕೆಲಸ ಆಯಿತು ಅಂದುಕೊಂಡಿದ್ದೆ.

ಇಳಕಲ್ಲಿಗೆ ಬಂದವಳೇ ಸಭಾಪಾಲಕರ ಮನೆಗೆ ಹೋದೆ. ಕಾರ್ಯದರ್ಶಿಯೂ ಅಲ್ಲಿದ್ದರು. ಕಮತಗಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿ, ಆ ಎಲೆ ಪೂಜೆಯದಾಗಿರಲೇ ಇಲ್ಲ, ಹುಡುಗಿಯನ್ನು ಕರೆದು ಅಜ್ಜಿಯ ಕೈಯಿಂದ ಬನ್ನಿ ತೆಗೆದುಕೊಳ್ಳುವುದು ತಪ್ಪಲ್ಲ ಎಂದು ನೀವೇ ಒಂದು ಮಾತು ಹೇಳಿಬಿಡಿ ಎಂದೆ. ಸಭಾಪಾಲಕರಿಗೂ ಮನಸ್ಸಿಗೆ ನಾಟಿತು ಎಂದು ನನಗೆ ಕಂಡಿತು. ಆದರೆ ಅವರು ಹೇಳಿದ್ದು ಬೇರೆ.

"ಅದು ಆ ಮಗುವಿಗೆ ಗೊತ್ತಿರಲಿಲ್ಲವಲ್ಲ ಸಿಸ್ಟರ್. ಪೂಜೆಯದೆಂದು ತಿಳಿದೇ ಬೇಡ ಎಂದಳು. ಇಷ್ಟು ಚಿಕ್ಕವಳು, ಇಡೀ ಮನೆಯ ಎದುರು ದೇವರಿಗಾಗಿ ನಿಂತಳು. ವಾರ್ಷಿಕೋತ್ಸವದಲ್ಲಿ ಅವಳ ಸಾಕ್ಷಿ ಇಡಬೇಕೆಂದು ನಾವು ಈಗಷ್ಟೇ ಮಾತಾಡುತ್ತಿದ್ದೆವು."

ಸಾಕ್ಷಿ ಎಂದರೆ ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಸಭೆಯ ಮುಂದೆ ನಿಂತು ಹೇಳುವುದು. ನಮ್ಮಲ್ಲಿ ಅದಕ್ಕೆ ದೊಡ್ಡ ಮರ್ಯಾದೆ.

"ಆದರ್ಶ ಮಗು ಬಹುಮಾನನೂ ಆಕಿಗೇ ಅಂತ ಮಾಡೇವ್ರಿ" ಎಂದರು ಕಾರ್ಯದರ್ಶಿ. "ಬಾಗಲಕೋಟಿಯಿಂದ ದೊಡ್ಡ ಅಯ್ಯನವರು ಬರಾವ್ರದಾರ. ಸಾಕ್ಷಿ ನೀವು ಬರದು ಕೊಡ್ರಿ, ನಿಮಗ ಮಕ್ಕಳ ಮಾತು ಛಲೋ ಬರ್ತೈತಿ."

ನನಗೆ ತಡೆಯಲಾಗಲಿಲ್ಲ. "ಯಾವ ಬಹುಮಾನ ಅದು? ಅಪ್ಪ-ಅವ್ವನ್ನ, ಹಿರಿಯರನ್ನ ಗೌರವಿಸಿದ್ದಕ್ಕ ಕೊಡೋದಲ್ಲೇನ್ರಿ? ಸಾಕಿದ ಅಜ್ಜಿ ಮನಿ ಬಿಟ್ಟು ಹೋಗ್ಯಾಳ. ಆಕೀನ್ನ ಹೊರಗ ಹಾಕಿದ್ದಕ್ಕ ಗೌರವದ ಬಹುಮಾನಾ? ದೇವರಿಗೆ ಮೀಸಲು ಅಂತ ನೆಪ ಹೇಳಿ ತಂದಿ-ತಾಯಿಗೆ ಸಲ್ಲೋದನ್ನ ತಪ್ಪಿಸಿದವ್ರನ್ನ ಸ್ವಾಮಿ ಏನಂತ ಬೈದ್ರು, ಆ ದಿನ ನೀವೂ ತರಗತ್ಯಾಗ ಇದ್ರಿ."

"ತನಗಿಂತ ತಂದೆತಾಯಿಯನ್ನು ಹೆಚ್ಚು ಪ್ರೀತಿಸುವವನು ತನಗೆ ತಕ್ಕವನಲ್ಲ ಎಂದವರೂ ಅದೇ ಸ್ವಾಮಿ" ಎಂದರು ಸಭಾಪಾಲಕರು. "ಇವತ್ತು ಎಲೆ ತಪ್ಪಲ್ಲ ಎಂದರೆ ನಾಳೆ ಕುಂಕುಮ ತಪ್ಪಲ್ಲ ಎನ್ನಬೇಕಾಗುತ್ತದೆ. ನಾನು ಹೇಳಿದ್ದನ್ನು ಹಿಂದೆ ತೆಗೆದುಕೊಂಡರೆ ಮಕ್ಕಳು ಮತ್ತೆ ಯಾರ ಮಾತು ನಂಬುತ್ತವೆ?"

ಕೊನೆಯ ಆ ಮಾತಿನಲ್ಲಿ ಗುಟ್ಟಿತ್ತು. ಅವರಿಗೆ ಎಲೆಯ ಚಿಂತೆ ಇರಲಿಲ್ಲ, ತಮ್ಮ ಮಾತು ಕೆಳಗೆ ಬೀಳಬಾರದು ಎಂಬ ಚಿಂತೆ. ಸಾಕ್ಷಿ ಇದ್ದರೆ ಕಾರ್ಯಕ್ರಮಕ್ಕೆ ನನ್ನ ಕೈ ಇಲ್ಲ, ಬರೆದುಕೊಡುವುದೂ ಇಲ್ಲ, ನಡೆಸುವುದೂ ಇಲ್ಲ ಎಂದು ಹೇಳಿ ಎದ್ದು ಬಂದೆ.

ಅಲ್ಲಿಂದ ನೇರ ಹುಡುಗಿಯ ಮನೆಗೆ ಹೋದೆ. ಆಕೆಯನ್ನು ಮೆಟ್ಟಿಲ ಮೇಲೆ ಪಕ್ಕ ಕೂಡಿಸಿಕೊಂಡು, ಆಯಿ ಬೇರೆ ಗಿಡದ ಎಲೆ ತಂದಿದ್ದನ್ನು ಹೇಳಿದೆ, ತೆಗೆದುಕೊಂಡಿದ್ದರೆ ಪಾಪ ಆಗುತ್ತಿರಲಿಲ್ಲ ಎಂದೆ. ಆಕೆ ಕಣ್ಣು ಪಿಳಿಪಿಳಿ ಬಿಟ್ಟು ಕೇಳಿದಳು.

"ಅಯ್ಯನವರು ಪಾಪ ಅಂದಾರ್ರಿ. ನೀವು ಅಲ್ಲ ಅಂತೀರಿ. ದೊಡ್ಡವರ ಮಾತು ಕೇಳ್ಬೇಕಂತ ನೀವ ಕಲಿಸೀರಿ. ನಿಮ್ಮಿಬ್ಬರೊಳಗ ಯಾರ್ ದೊಡ್ಡವ್ರು ಟೀಚರ್?"

"ಈ ವಿಷಯದಾಗ ನಿಮ್ಮ ಆಯಿ ದೊಡ್ಡಾಕಿ" ಎಂದೆ.

ಆಕೆ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಒಳಗಿನಿಂದ ಬಂದು, ಬರುವ ಭಾನುವಾರ ನಾನೇ ಕಮತಗಿಗೆ ಕರೆದುಕೊಂಡು ಹೋಗುತ್ತೇನೆ ಎಂದ. ಹೂಂ ಎಂದು ಹುಡುಗಿ ಗೋಣು ಹಾಕಿದಳು. ಆ ಗಳಿಗೆಯಲ್ಲಿ ಆಕೆ ಖಂಡಿತ ಹೋಗುವವಳಿದ್ದಳು, ಅದರಲ್ಲಿ ನನಗೆ ಇವತ್ತಿಗೂ ಸಂಶಯವಿಲ್ಲ.

ಆ ಭಾನುವಾರದೊಳಗೆ ಸಭಾಪಾಲಕರ ಹೆಂಡತಿ ಬಂದು ಹುಡುಗಿಯನ್ನು ತಾಲೀಮಿಗೆ ಕರೆದುಕೊಂಡು ಹೋದರು. ವೇದಿಕೆಯ ನಡುವೆ ನಿಲ್ಲಿಸಿದರು, ಮೈಕ್ ಹಿಡಿಯಲು ಕಲಿಸಿದರು. ಹಿರಿಯರು ಒಬ್ಬೊಬ್ಬರಾಗಿ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದರು. ಇಷ್ಟು ವರ್ಷ ಕುರಿಯಾಗಿದ್ದವಳಿಗೆ ಬಿಳಿ ಅಂಗಿ ಹೊಲಿಸಿದರು. ಸಭೆಯ ಹುಡುಗಿಯರೆಲ್ಲ ಆಕೆಯ ಸುತ್ತ ನಿಂತರು. ಹುಡುಗಿಯನ್ನು ನಾನು ಹೇಗೆ ಬೈಯಲಿ? ನಾವು ಒಳಗೆ ಕರೆದದ್ದೇ ಮೊದಲ ಸಲ, ಅದೂ ಈ ಬೆಲೆಗೆ. ಕಮತಗಿಗೆ ಆಮೇಲೆ ಹೋದರಾಯಿತು ಎಂದಳಂತೆ ಅಪ್ಪನಿಗೆ.

ಅವ್ವ ತಡೆಯಬಹುದಿತ್ತು. ಕೇಳಿದರೆ, "ನಮ್ಮ ಸಭೆ ಮಂದಿ ಮೊದಲ ಸಲ ನನ್ನ ಮಗಳನ್ನ ಹೊಗಳಾಕತ್ತಾರ್ರಿ ಟೀಚರ್" ಎಂದು ತಲೆ ತಗ್ಗಿಸಿದಳು.

ವಾರ್ಷಿಕೋತ್ಸವದ ದಿನ ನಾನು ಹಿಂದಿನ ಸಾಲಿನಲ್ಲಿ ಕೂತೆ. ಹುಡುಗಿಯ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲ ಸಲ ಹಾಲ್‌ನ ಒಳಗೆ, ಮುಂದಿನ ಸಾಲಿನಲ್ಲಿ ಕೂತಿದ್ದ. ಹುಡುಗಿ ಮೈಕ್ ಮುಂದೆ ನಿಂತು, ಸಭಾಪಾಲಕರ ಪುಸ್ತಕದ ಕನ್ನಡದಲ್ಲಿ, ಎಲ್ಲೂ ತಡವರಿಸದೆ ಹೇಳಿದಳು. ಅಂಧಕಾರದಲ್ಲಿರುವ ಮನೆ ಎಂದಳು. ಸೈತಾನನ ಶೋಧನೆ ಎಂದಳು. ನನ್ನ ಅಜ್ಜಿಯವರು ಎಂದಳು. ಆಯಿ ಎನ್ನಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಕೆಲವರು ಕಣ್ಣು ಒರೆಸಿಕೊಂಡರು.

ಬಹುಮಾನ ಕೊಡುವಾಗ ತಂದೆಯನ್ನೂ ವೇದಿಕೆಗೆ ಕರೆಯುವುದು ರೂಢಿ. ಆತ ಬಂದು ಕೈ ಮುಗಿದು ನಿಂತ. ಕಾರ್ಯದರ್ಶಿ ಉತ್ಸಾಹದಿಂದ ಮೈಕ್ ಆತನ ಬಾಯಿಗೆ ಹಿಡಿದು, ಎರಡು ಮಾತು ಹೇಳ್ರಿ ಎಂದರು.

"ನಾ ಮಾತಾಡಾಂವ ಅಲ್ರಿ" ಎಂದ ಆತ. "ಮಗಳು ಛಂದ ಹೇಳಿದ್ಲು. ನಮ್ಮವ್ವಗ ಫೋನ್ ಹಚ್ಚಿ ಕೇಳಿಸ್ಬೇಕಂತ ಮಾಡಿದ್ದೆ. ಹಚ್ಚಲಿಲ್ರಿ."

ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಡಿಸೆಂಬರ್‌ನಲ್ಲಿ ನನ್ನ ಕೆಲಸದ ಹೊರೆ ಕಡಿಮೆ ಮಾಡಲಾಗಿದೆ ಎಂದು ಮೇಲಿನವರು ತಿಳಿಸಿದರು. ಇಳಕಲ್ ನನ್ನ ಕೈ ತಪ್ಪಿತು. ಅಜ್ಜಿ ಕಮತಗಿಯಲ್ಲೇ ಉಳಿದಳು. ಬಾಗಲಕೋಟೆಗೆ ಹೋಗುವಾಗ ಒಂದೆರಡು ಸಲ ಇಳಿದು ನೋಡಿ ಬಂದೆ. ಕೂಸು ಯಾವಾಗ ಬರ್ತೈತಿ ಎಂದು ಆಕೆ ಕೇಳಲಿಲ್ಲ, ಚಹಾ ಕೊಟ್ಟಳು, ಮೊಣಕಾಲು ನೋವಿನ ಮಾತಾಡಿದಳು.

ಜನವರಿಯಲ್ಲಿ ಬಾಗಲಕೋಟೆಯಲ್ಲಿ ಎಲ್ಲ ಊರುಗಳ ಮಕ್ಕಳಿಗೆ ಕಂಠಪಾಠ ಸ್ಪರ್ಧೆ ಇತ್ತು. ವಿಷಯ ಆ ವರ್ಷದ್ದೇ, ತಂದೆತಾಯಿಯನ್ನು ಗೌರವಿಸುವ ಬಗ್ಗೆ ಸತ್ಯವೇದದಲ್ಲಿ ಬರುವ ವಾಕ್ಯಗಳು. ನನ್ನನ್ನು ತೀರ್ಪು ಕೊಡಲು ಕೂಡಿಸಿದ್ದರು. ಶುರುವಾಗುವ ಮೊದಲು ಪಡಸಾಲೆಯಲ್ಲಿ ಹುಡುಗಿ ಸಿಕ್ಕಳು. ಅಪ್ಪ ನೀರಿನ ಬಾಟಲಿ ಹಿಡಿದುಕೊಂಡು ಪಕ್ಕದಲ್ಲಿದ್ದ. ನಾನು ಆಕೆಯ ಕೆನ್ನೆ ಸವರಿ, "ಆಯಿ ಹ್ಯಾಂಗದಾಳವಾ? ಹೋಗಿ ಬಂದಿಯಿಲ್ಲೋ?" ಎಂದೆ.

"ಇಲ್ಲ ಟೀಚರ್" ಎಂದಳು, ಕೈ ಕಟ್ಟಿಕೊಂಡು, ನೆಟ್ಟಗೆ ನಿಂತು. "ಅಜ್ಜಿಯವರ ಆತ್ಮದ ರಕ್ಷಣೆಗಾಗಿ ದಿನಾಲೂ ಪ್ರಾರ್ಥನೆ ಮಾಡುತ್ತಿದ್ದೇನೆ. ಅವರು ತಮ್ಮ ತಪ್ಪು ತಿಳಿದುಕೊಂಡು ಪಶ್ಚಾತ್ತಾಪಪಟ್ಟರೆ ಹೋಗುತ್ತೇನೆ."

ಅಪ್ಪ ಬಾಟಲಿಯ ಮುಚ್ಚಳ ತೆಗೆದು ಮಗಳಿಗೆ ನೀರು ಕೊಟ್ಟ. ಆಕೆ ಕುಡಿದು ಬಾಟಲಿ ತಿರುಗಿ ಕೊಟ್ಟು, ಹೆಸರು ಕರೆದಾಗ ಒಳಗೆ ಹೋದಳು. ನಾನೂ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ತಂದೆತಾಯಿಯ ಬಗ್ಗೆ ಇರುವ ವಾಕ್ಯಗಳನ್ನೆಲ್ಲ ಆಕೆ ಕೈ ಜೋಡಿಸಿ, ಕಣ್ಣು ಮುಚ್ಚಿ, ಸ್ಪಷ್ಟವಾದ ಧ್ವನಿಯಲ್ಲಿ ಒಂದಾದಮೇಲೊಂದು ಹೇಳಿದಳು. ಎಲ್ಲಾದರೂ ಒಂದು ಕಡೆ ತಡವರಿಸಲಿ, ಒಂದು ಮಾತು ಮರೆಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಒಂದಕ್ಷರ ತಪ್ಪಲಿಲ್ಲ. ಹಾಳೆಯ ಮೇಲೆ ಪೂರ್ತಿ ಅಂಕ ಬರೆದು ಸಹಿ ಮಾಡಿದೆ.